ಪಕ್ಕದ ಮನೆಯ ಕಿಟಕಿಗಳು

೩ ಮೇ ೧೯೫೬, ಗುರುವಾರ. ಬೆಳಗಿನ ಒಂಬತ್ತು

ಕಿಟಕಿ ಎಲ್ಲ ಹಾಕಿದೆ. ಲಾವಂಚದ ತಟ್ಟಿಗೆ ನೀರು ಚಿಮುಕಿಸಿದೆ. ಇನ್ನು ಸಂಜೆಯ ತನಕ ನಾಗಪುರದ ಈ ಸದರ್ ಬಡಾವಣೆಯ ಬಿಸಿಲಿಗೂ ನಮಗೂ ಸಂಬಂಧವಿಲ್ಲ.

ಗೋಡೆಯಾಚೆಯ ಅಮೆರಿಕದವರದು ಎಲ್ಲ ಉಲ್ಟಾ. ಬಂದು ಎರಡು ತಿಂಗಳು. ಹಗಲೆಲ್ಲ ಮನೆಯ ಹನ್ನೊಂದೂ ಕಿಟಕಿ ತೆರೆದಿರುತ್ತವೆ — ಗಾಳಿ ಬೇಕಂತೆ. ಕತ್ತಲಾದರೆ ಕಳ್ಳರ ಭಯ, ಎಲ್ಲ ಮುಚ್ಚುತ್ತಾರೆ. ನಾವು ಅಂಗಳದಲ್ಲಿ ಹಾಸಿ ಮಲಗಿದರೆ ಅವರು ಒಳಗೆ ಬೇಯುತ್ತಾರೆ. ಸಾಹೇಬ ಕಾಲೇಜಿನಲ್ಲಿ ಬೇಸಾಯ ಕಲಿಸುವವ. ಸದ್ಯ ಜೀಪಿನಲ್ಲಿ ಹಳ್ಳಿ ತಿರುಗುತ್ತಿದ್ದಾನೆ. ಮನೆಯಲ್ಲಿ ಎಡ್ನಾ ಮೇಡಮ್, ಆರು ವರ್ಷದ ಜೂಡಿ. ಹುಡುಗಿಯ ಮುಖ ಹಣ್ಣು ಮೆಣಸಿನಕಾಯಿ ಆಗಿದೆ.

೫ ಮೇ, ಶನಿವಾರ

ತಡೆಯಲಾಗಲಿಲ್ಲ. ಇಂಗ್ಲಿಷಿಗೆಂದು ಮೊಮ್ಮಗಳು ನೀಲಾಂಬಿಕಾಳನ್ನು ಎಳೆದುಕೊಂಡು ಹೋದೆ.

“ಮೇಡಮ್ಮಾರ, ಒಂಬತ್ತಕ್ಕ ಕಿಟಕಿ ಹಾಕ್ರಿ.”

ಆಕೆ ಒಂದು ದಪ್ಪ ಪುಸ್ತಕ ತಂದು ತೋರಿಸಿದಳು. ನೀಲಾ ಹೇಳಿದಳು: “ಆಯಿ, ಮಕ್ಕಳಿಗೆ ದಿನಾ ತಾಜಾ ಗಾಳಿ ಬೇಕಂತ ಇದರಾಗ ಡಾಕ್ಟರು ಬರದಾರಂತ.”

“ಆ ಡಾಕ್ಟರು ಮೇ ತಿಂಗಳದಾಗ ನಾಗಪುರಕ್ಕ ಬಂದಿದ್ದನೇನು, ಕೇಳು.”

ನೀಲಾ ಕೇಳಲಿಲ್ಲ. ಹೇಡಿ. ನಾನೇ ಎದ್ದು ಎರಡು ಕಿಟಕಿ ಎಳೆದು ಹಾಕಿದೆ. ಮೇಡಮ್ ನಗುತ್ತಲೇ ಮತ್ತೆ ತೆರೆದಳು. “ಮೇರಾ ಘರ್” ಎಂದಳು. ಅಷ್ಟು ಹಿಂದಿ ಚೆನ್ನಾಗಿಯೇ ಬರುತ್ತದೆ!

ಸಂಜೆ ರೈಲ್ವೆ ಆಫೀಸಿನಿಂದ ಬಂದ ಮಗ ಉಮಾಪತಿಯದು ಬೇರೆ: “ಅವರ ಮನಿ ಉಸಾಬರಿ ನಿನಗ್ಯಾಕವ್ವಾ?”

“ಕೂಸು ಅವರದೋ ನಮ್ಮದೋ, ಬಿಸಲಿಗೆ ಗೊತ್ತಾಗ್ತೈತೇನೋ?”

೧೪ ಮೇ, ಸೋಮವಾರ. ಸಂಜೆ

ಎರಡು ದಿನ ಬರೆಯಲು ಕೈ ಏಳಲಿಲ್ಲ.

ಶನಿವಾರ ಮಧ್ಯಾಹ್ನ ಮೇಡಮ್ ಕಿರುಚಿದಳು. ಓಡಿದೆ. ಜೂಡಿ ನೆಲದ ಮೇಲೆ, ಮೈ ಕಾದ ಹಂಚು, ಕಣ್ಣು ಮೇಲಕ್ಕೆ. ನೀಲಾಳನ್ನು ಡಾಕ್ಟರ ಮನೆಗೆ ಅಟ್ಟಿದೆ. ಯಾರನ್ನೂ ಕೇಳಲಿಲ್ಲ — ಹನ್ನೊಂದೂ ಕಿಟಕಿ ಹಾಕಿದೆ. ನನ್ನ ಹಳೆಯ ಸೀರೆ ನೆನೆಸಿ ಮಗುವಿಗೆ ಸುತ್ತಿದೆ, ಬೀಸಣಿಕೆ ಹಿಡಿದು ಕುಳಿತೆ. ಸೀರೆ ಒಣಗುವುದು, ನಾನು ನೆನೆಸುವುದು... ಮೇಡಮ್ ಗೋಡೆಗಾತು ನಿಂತಿದ್ದಳು. “ನಿಂತೇನು ನೋಡ್ತಿ? ನೀರು ತಾ!” ಎಂದು ಗದರಿದೆ. ಕನ್ನಡದಲ್ಲೇ. ತಂದಳು.

ಡಾಕ್ಟರು ಲೂ, ಈ ಕಡೆಯ ಬಿಸಿಗಾಳಿ, ಬಡಿದಿದೆ ಎಂದರು. ಸೂಜಿ ಚುಚ್ಚಿದರು. ಇನ್ನೊಂದು ತಾಸು ತಡವಾಗಿದ್ದರೆ ಎಂದು ಶುರು ಮಾಡಿ ಬಿಟ್ಟುಬಿಟ್ಟರು.

ಇಂದು ಜೂಡಿ ಉಪ್ಪು ಹಾಕಿದ ಮಜ್ಜಿಗೆ ಎರಡು ಲೋಟ ಕುಡಿದಿದ್ದಾಳೆ.

೧೬ ಮೇ, ಬುಧವಾರ

ಮೇಡಮ್ ಟ್ರಂಕು ಇಳಿಸಿದ್ದಾಳೆ. ಜೂನ್ ಎಂಟಕ್ಕೆ ಮುಂಬಯಿಯಿಂದ ಹಡಗು. ಮಗುವನ್ನು ಕರೆದುಕೊಂಡು ಹೋಗಿಬಿಡುತ್ತಾಳಂತೆ. ಮೂರು ವರ್ಷ ಇರಲು ಬಂದ ಸಾಹೇಬ ಹಳ್ಳಿಯಿಂದ ಮರಳಿದವನೇ ತಲೆಯ ಮೇಲೆ ಕೈ ಹೊತ್ತು ಮೆಟ್ಟಿಲಲ್ಲಿ ಕುಳಿತಿದ್ದಾನೆ.

ನಾನೂ ಈ ಊರಿಗೆ ಬಂದ ವರ್ಷ ಗಂಟು ಕಟ್ಟಿದ್ದೆ, ಹುಬ್ಬಳ್ಳಿಗೆ ಹೋಗುತ್ತೇನೆಂದು. ಕರೆದೊಯ್ಯಲು ಉಮಾಪತಿಗೆ ರಜೆ ಸಿಗಲಿಲ್ಲ, ಉಳಿದೆ. ಹೋಗುವವರು ಹೋಗಲಿ. ಹೆದರಿ ಓಡುವುದು ಮಾತ್ರ ನನಗೆ ಸೇರುವುದಿಲ್ಲ.

“ಈ ಊರು ನನ್ನ ಮಗಳನ್ನು ಕೊಲ್ಲುತ್ತದೆ” ಎಂದಳಂತೆ ಮೇಡಮ್, ನೀಲಾ ಹೇಳಿದಳು.

“ಊರಲ್ಲ, ನಿನ್ನ ಪುಸ್ತಕ. ಹೋಗೂತನಕ ನಾ ಹೇಳಿದಂಗ ಇದ್ದು ನೋಡು. ಆಮ್ಯಾಲ ಊರಿಗೆ ಬೈಯಿ.”

ಈ ಸಲ ನೀಲಾ ಒಂದು ಅಕ್ಷರ ಬಿಡಲಿಲ್ಲ. ಮೇಡಮ್ ಟ್ರಂಕಿನ ಮೇಲೆ ಕುಳಿತಳು. ಅತ್ತಳು. ಆಮೇಲೆ ಕೇಳಿದಳು — ಕಿಟಕಿ ಎಷ್ಟು ಗಂಟೆಗೆ?

೨೭ ಮೇ, ಭಾನುವಾರ

ಹತ್ತು ದಿನದಿಂದ ಅವರ ಮಂಚಗಳೂ ಅಂಗಳದಲ್ಲಿ. ಸಾಹೇಬನ ಗೊರಕೆ ಉಮಾಪತಿಯದಕ್ಕಿಂತ ಜೋರು. ಜೂಡಿ ಓಡಾಡುತ್ತಾಳೆ. ಟ್ರಂಕಿನ ಸುದ್ದಿ ನಾನು ಎತ್ತಿಲ್ಲ, ಮೇಡಮ್ಮೂ ಎತ್ತಿಲ್ಲ.

ಇಂದು ಸೀತಾಬರ್ಡಿ ಪೇಟೆಯಿಂದ ಮಾವಿನಕಾಯಿ ತರಿಸಿ ಉಪ್ಪಿನಕಾಯಿಗೆ ಕುಳಿತೆ. ಮೇಡಮ್ ಬಂದು ಚಾಕು ಹಿಡಿದಳು. ಹೋಳು ಒಂದೊಂದು ಒಂದೊಂದು ಗಾತ್ರ.

ಯಾವಾಗ ತಿನ್ನಬಹುದು ಎಂದು ಕೇಳಿದಳು.

“ಶ್ರಾವಣದ ತನಕ ಮುಟ್ಟಾಂಗಿಲ್ಲ ಅಂತ ಹೇಳು.”

“ಆಗಸ್ಟ್” ಎಂದಳು ನೀಲಾ. ಹಡಗು ಜೂನ್ ಎಂಟಕ್ಕೆ.

ಮೇಡಮ್ ಚಾಕು ನಿಲ್ಲಿಸಿದಳು. ಅಂಗಳದಲ್ಲಿ ಆಡುತ್ತಿದ್ದ ಮಗಳನ್ನು ನೋಡಿದಳು. ಎದ್ದು ಹೋದಳು. ಕೆಡಿಸಿದೆನಲ್ಲಾ ಎಂದುಕೊಂಡೆ... ತಿರುಗಿ ಬಂದಾಗ ಕೈಯಲ್ಲಿ ಅವರ ಮನೆಯ ದೊಡ್ಡ ಭರಣಿ. “ಮೇರಾ ಭೀ” — ನನ್ನದೂ — ಎಂದಳು.

ಹೋಳು ಬದಿಗೆ ಸರಿಸಿ ಭರಣಿಗೆ ಜಾಗ ಮಾಡಿದೆ. ಈಗ ಅದನ್ನು ತೊಳೆದು ಒರೆಸುತ್ತಿದ್ದಾಳೆ. ಅದೂ ಒದ್ದೆ ಬಟ್ಟೆಯಲ್ಲಿ! ಒಂದು ಹನಿ ನೀರು ಉಳಿದರೂ ಬೂಸು ಹಿಡಿದು — ತಡಿ, ಮೊದಲು ಅದನ್ನು