ಏಕಾದಶಿಯ ಮಾತ್ರೆ

ಮೇ ೧೪, ಗುರುವಾರ. ಎಡೋಗಾವಾ.

ಆಸ್ಪತ್ರೆಯ ಕಂಪ್ಯೂಟರಿನಲ್ಲಿ ಇಷ್ಟು ದಿನ ನಾನು ಮರೆವಿನ ರೋಗಿ. ಏಕಾದಶಿ ಉಪವಾಸಕ್ಕೆಂದು ಸಕ್ಕರೆ ಕಾಯಿಲೆಯ ಮಾತ್ರೆ ಬಿಟ್ಟರೂ ನರ್ಸ್ ಅದರಲ್ಲಿ ‘ಮರೆತರು’ ಎಂದೇ ಒತ್ತಬೇಕು, ಬೇರೆ ಜಾಗವಿಲ್ಲ. ಅದನ್ನು ನಂಬಿ ಮಗಳು ಸ್ಫೂರ್ತಿ ನನ್ನನ್ನು ನದಿ ದಡಕ್ಕೂ ಒಬ್ಬನನ್ನೇ ಬಿಡುತ್ತಿರಲಿಲ್ಲ.

ಇವತ್ತು ಇಲ್ಲಿನ ಜಪಾನೀ ಡಾಕ್ಟರ್ ಮಿಜುನೋ ಸಾನ್‌ಗೆ ನಾನೇ ಹೇಳಿದೆ: “ಐ ನಾಟ್ ಫರ್ಗೆಟ್. ಗಾಡ್ ಡೇ. ನೋ ರೈಸ್, ನೋ ಟ್ಯಾಬ್ಲೆಟ್.” ಕಾಲೇಜಿನಲ್ಲಿ ಕಲಿತ ವ್ಯಾಕರಣವೆಲ್ಲ ಗೋವಿಂದ! ಆಕೆ ನಕ್ಕು, ಮರೆವು ಅಳಿಸಿ, ಉಪವಾಸಕ್ಕೇ ಬೇರೆ ಸಾಲು ಸೇರಿಸಿ, ಆ ದಿನದ ಔಷಧವನ್ನೂ ಬದಲಿಸಿದರು.

“ಮಾತ್ರೆ ಬೇಕಂತ್ಲೇ ಬಿಡ್ತೀನಿ ಅಂತ ಮೊದ್ಲೇ ಹೇಳ್ಬಾರ್ದಿತ್ತಾ ಅಪ್ಪಾ?” ಸ್ಫೂರ್ತಿ ರೇಗಿದಳು.

“ಯಾರೂ ಕೇಳ್ಲೇ ಇಲ್ವಲ್ಲೇ!”

ಸಂಜೆ ಒಬ್ಬನೇ ದಡದುದ್ದಕ್ಕೂ ಓಡಾಡಿ ಬಂದೆ. ನನ್ನವಳು ಕಮಲಾ ಬದುಕಿದ್ದಿದ್ದರೆ, ನನಗೆ ಮರೆವಿಲ್ಲವೆಂದು ಡಾಕ್ಟರು ಬರೆದುಕೊಟ್ಟರೂ ನಂಬುತ್ತಿರಲಿಲ್ಲ. ಕಾಲು ಹಿತವಾಗಿ ನೋಯುತ್ತಿದೆ, ಇನ್ನು ಮಲಗಬೇಕು.