ಎಡತುದಿಯ ವ್ಯಕ್ತಿ

ಮಂಗಳವಾರ, ರಾತ್ರಿ

ಈ ದಿನಚರಿಯೆಂಬ ಕಟಕಟೆಯಲ್ಲಿ ನಿಂತು ತಪ್ಪೊಪ್ಪಿಕೊಳ್ಳುತ್ತೇನೆ: ವಿಶ್ವವಿದ್ಯಾಲಯದ ಹಳೆಯ ದಾಖಲೆಗಳ ಆನ್‌ಲೈನ್ ಪಟ್ಟಿಯನ್ನು ಇಂದು ನಮ್ಮ ವಿಭಾಗದ ಮುಖ್ಯಸ್ಥೆ ಮೇಡಂ ಅವರ ಒಪ್ಪಿಗೆಯಿಲ್ಲದೆ ತಿದ್ದಿದೆ. ಫೋಟೋದ ಹಿಂದೆ ಹೆಸರಿಲ್ಲದಿದ್ದರೆ ಊಹೆ ಬೇಡ, ‘ಗುರುತು ಸಿಕ್ಕಿಲ್ಲ’ ಎಂದು ಬರೆಯಿರಿ ಎಂಬ ನಿಯಮ ಮಾಡಿದವನೂ ನಾನೇ.

ಹಾಸ್ಟೆಲ್ ಉದ್ಘಾಟನೆಯ ಫೋಟೋವನ್ನು ನನ್ನವಳು ಸಂಜೆ ಫೋನಿನಲ್ಲಿ ನೋಡಿದಳು. ಕುಲಪತಿಗಳಿಂದ ಹಿಡಿದು ಎಲ್ಲರಿಗೂ ಹೆಸರಿದೆ. ಸೌಟು ಹಿಡಿದು ನಿಂತ ಅಡುಗೆಯವರಿಗೆ ಮಾತ್ರ ‘ಎಡತುದಿ: ಗುರುತು ಸಿಕ್ಕಿಲ್ಲ’. ಸೌಟಿಗೆ ನಮ್ಮ ಸೈಟಿನಲ್ಲಿ ಸೀಟಿಲ್ಲ.

“ರೀ, ಇದು ನಮ್ಮಪ್ಪ! ಅಷ್ಟು ವರ್ಷ ಅಲ್ಲೇ ಬೇಯಿಸಿ ಹಾಕಿದ್ರು. ಯಾರ್ರೀ ಹೀಗೆ ಬರೆದಿರೋ ಪುಣ್ಯಾತ್ಮ?”

“ಯಾರೋ ಹೊಸಬ ಇರಬೇಕು. ಒಮ್ಮೆ ನೋಡಿದ ಮುಖ ನಾನು ಮರೆಯೋದುಂಟೇನೆ?” ಎಂದು ಜಂಬ ಕೊಚ್ಚಿ, ಅಲ್ಲೇ ಕೂತು ಮಾವನವರ ಹೆಸರು ಸೇರಿಸಿದೆ. ‘ಆಧಾರ’ ಎಂಬ ಕಾಲಮ್ಮಿನಲ್ಲಿ ‘ಮಗಳ ಮಾತು’ ಎಂದು ಬರೆದೆ. ಅದನ್ನು ಎರಡು ಸಲ ಓದಿ ಅವಳು ಕಣ್ಣೊರೆಸಿಕೊಂಡಳು. ಮೇಡಂ ಬೈದರೆ ಬೈಯಲಿ.

ಆದರೆ ಆ ಪುಣ್ಯಾತ್ಮ ನಾನೇ. ಮಾವನವರು ನಮ್ಮ ಮದುವೆಗೆ ಮುಂಚೆಯೇ ತೀರಿಕೊಂಡವರು, ನಾನು ಕಂಡಿಲ್ಲ ಎನ್ನೋಣವೆಂದರೆ, ಅವರ ಪಟ ಹಾಲ್‌ನಲ್ಲೇ ತೂಗುತ್ತಿದೆ. ದಿನಾ ಬೆಳಿಗ್ಗೆ ಅದರ ಗಾಜಿನಲ್ಲಿ ನನ್ನ ಮುಖ ನೋಡಿಕೊಂಡು ತಲೆ ಬಾಚಿಕೊಳ್ಳುತ್ತೇನೆ.