ಇಬ್ಬರಿಗೂ ಒಂದೇ ಉಪ್ಪು

ಮಂಗಳವಾರ, ಹನ್ನೆರಡನೇ ತಾರೀಖು.

ಕಾಡಿಗೆ ಎಂದು ಹೆಸರಿಟ್ಟ ಮೇಕೆ ಎರಡು ತಿಂಗಳಿಂದ ಕೆಂಚಗಾಗುತ್ತಾ ಬಂದಿತ್ತು. ಹೊಲಿಗೆಯವಳ ಬುದ್ಧಿ ನನ್ನದು. ಬಿಸಿಲಿಗೆ ಬಣ್ಣ ಹೋಗಿದೆ ಅಂದುಕೊಂಡು ಸುಮ್ಮನಿದ್ದೆ. ಇವತ್ತು ದನದ ಡಾಕ್ಟರು ಅವಳ ಬಾಲ ಹಿಡಿದು ತೋರಿಸಿದರು. ತುದಿಯ ಕೂದಲು ಉದುರಿ ಮೀನಿನ ಬಾಲದ ಹಾಗೆ ಕವಲೊಡೆದಿದೆ.

"ಬಿಸಿಲಲ್ಲಮ್ಮ, ತಾಮ್ರ ಸಾಲ್ತಿಲ್ಲ. ನೆಕ್ಕೋಕೆ ಯಾವ ಉಪ್ಪಿನ ಇಟ್ಟಿಗೆ ಇಡ್ತೀರಿ?"

"ಕುರೀದು."

ಹತ್ತಿ ಎಂಬ ನಮ್ಮ ಕುರಿಗೂ ಇವಳಿಗೂ ಭೇದ ಬೇಡವೆಂದು ಒಂದೇ ತಂದಿದ್ದೆ. ಅದರಲ್ಲಿ ತಾಮ್ರ ಹಾಕುವುದಿಲ್ಲವಂತೆ. ಡಾಕ್ಟರು ತೂಕ ನೋಡಿ ತಾಮ್ರದ ಗುಳಿಗೆ ನುಂಗಿಸಿ, ಮೇಕೆಯ ಇಟ್ಟಿಗೆ ಕೊಟ್ಟರು. "ಇದನ್ನ ಕುರಿ ನೆಕ್ಕಿದ್ರೆ ಲಿವರ್ ಹೋಗುತ್ತೆ. ಬೇರೆ ಬೇರೆ ಕಟ್ಟಿ."

ಕಟ್ಟಿದೆ. ದಿನಾ ಒಂದಕ್ಕೊಂದು ಒರಗಿ ಮಲಗುವವು ಗೋಡೆಯ ಆಚೆ ಈಚೆ ನಿಂತು ಒಂದೇ ಸಮ ಅರಚಿದವು. "ಅವನ್ನ ಸೇರಿಸೇ, ಇಲ್ಲಾ ನನ್ನನ್ನ ಆಚೆ ಕಟ್ಟು" ಅಂದರು ಅತ್ತೆ. ಕಾಡಿಗೆಯ ಮುಂದಿಟ್ಟಿದ್ದ ಇಟ್ಟಿಗೆ ಎತ್ತಿಕೊಂಡು ಬಂದು ಇಬ್ಬರನ್ನೂ ಸೇರಿಸಿದೆ.

ಈಗ ಅತ್ತೆಯ ಗೊರಕೆ. ಇಟ್ಟಿಗೆ ಹೊಲಿಗೆ ಮಿಷನ್ನಿನ ಮೇಲಿದೆ. ಕೊಟ್ಟಿಗೆಯಲ್ಲಿ ಸದ್ದಿಲ್ಲ. ಆದರೆ ಕಾಡಿಗೆ ಸಂಜೆಯೆಲ್ಲ ನೆಕ್ಕಿದ್ದಾಳೆ, ಗಡ್ಡಕ್ಕೆ ಉಪ್ಪು ಮೆತ್ತಿರುತ್ತದೆ. ಹತ್ತಿಗೆ ಮಲಗುವ ಮುಂಚೆ ಆ ಗಡ್ಡ ನೆಕ್ಕುವ ಅಭ್ಯಾಸ. ಒದ್ದೆ ಬಟ್ಟೆಯಲ್ಲಿ ಒಂದು ಸಲ ಒರೆಸಿ ಬರುತ್ತೇನೆ.